ಚೀನಾ ಅಧ್ಯಯನ: ನಮ್ಮ ಎರಡು ಆರಂಭಗಳು

ಭಾರತದಲ್ಲಿ ಚೀನಾದ ಸಂಸ್ಕೃತಿ ಮತ್ತು ಇತಿಹಾಸದ ಉನ್ನತ ಸಂಶೋಧನೆ ಎರಡು ಬಾರಿ ಆರಂಭವಾಯಿತು. ಮೊದಲ ಆರಂಭ 1937ರ ಏಪ್ರಿಲ್ 14ರಂದು, ಶಾಂತಿನಿಕೇತನದಲ್ಲಿ ರವೀಂದ್ರನಾಥ ಠಾಕೂರರು ಚೀನಾ ಭವನವನ್ನು ಉದ್ಘಾಟಿಸಿದಾಗ. ಎರಡನೆಯದು 1964ರಲ್ಲಿ, ಗಡಿಯುದ್ಧದ ಗಾಯ ಇನ್ನೂ ಹಸಿಯಾಗಿದ್ದಾಗ ದೆಹಲಿ ವಿಶ್ವವಿದ್ಯಾಲಯದಲ್ಲಿ ಚೀನಾ ಅಧ್ಯಯನ ಕೇಂದ್ರ ತೆರೆದಾಗ. ಒಂದರ ಹಿಂದೆ ಸ್ನೇಹವಿತ್ತು, ಇನ್ನೊಂದರ ಹಿಂದೆ ಆತಂಕವಿತ್ತು. ಹೊರನೋಟಕ್ಕೆ ಇವು ಒಂದಕ್ಕೊಂದು ತದ್ವಿರುದ್ಧ. ಆದರೂ ಎರಡಕ್ಕೂ ಸಮಾನವಾದ ಒಂದು ಕೊರತೆಯಿತ್ತು: ಎರಡೂ ಕಡೆ ಚೀನಾ ನಮ್ಮ ಬೇರೊಂದು ಉದ್ದೇಶಕ್ಕೆ ಸಾಧನವಾಗಿತ್ತೇ ಹೊರತು ತಾನೇ ಅಧ್ಯಯನದ ಗುರಿಯಾಗಿರಲಿಲ್ಲ. ಈ ಕೊರತೆಯಿಂದ ಚೀನಾದ ಬಗೆಗಿನ ನಮ್ಮ ತಿಳಿವಳಿಕೆಯಷ್ಟೇ ಸೊರಗಲಿಲ್ಲ, ನಾವು ಸಾಧಿಸಹೊರಟ ಉದ್ದೇಶಗಳೂ ಪೂರ್ತಿ ಕೈಗೂಡಲಿಲ್ಲ ಎಂಬುದೇ ಇಲ್ಲಿನ ವಾದ.

ಶಾಂತಿನಿಕೇತನದ ಕೆಲಸಕ್ಕೆ ಬೀಜ ಬಿದ್ದದ್ದು ಚೀನಾ ಭವನ ಕಟ್ಟುವ ಮೊದಲೇ. 1921ರಲ್ಲಿ ಫ್ರೆಂಚ್ ವಿದ್ವಾಂಸ ಸಿಲ್ವೇನ್ ಲೆವಿ ವಿಶ್ವಭಾರತಿಗೆ ಬಂದು ಚೀನೀ ಮತ್ತು ಟಿಬೆಟನ್ ಪಾಠ ಶುರುಮಾಡಿದರು. ಅವರ ಬಳಿ ಕಲಿತ ಪ್ರಬೋಧಚಂದ್ರ ಬಾಗ್ಚಿ ಪ್ಯಾರಿಸ್‌ಗೆ ಹೋಗಿ ಚೀನಾದ ಬೌದ್ಧ ವಾಙ್ಮಯದ ಮೇಲೆ ಸಂಶೋಧನೆ ನಡೆಸಿದರು. ಠಾಕೂರರು 1924ರಲ್ಲಿ ಚೀನಾ ಪ್ರವಾಸ ಮಾಡಿದರು. 1927ರಲ್ಲಿ ಸಿಂಗಪುರದಲ್ಲಿ ಅವರನ್ನು ಕಂಡ ಹೂನಾನ್ ಪ್ರಾಂತ್ಯದ ತರುಣ ತಾನ್ ಯುನ್‌ಶಾನ್, ಮರುವರ್ಷವೇ ಶಾಂತಿನಿಕೇತನಕ್ಕೆ ಬಂದರು. ಕಟ್ಟಡಕ್ಕೆ ಬೇಕಾದ ಹಣವನ್ನೂ ಗ್ರಂಥಭಂಡಾರಕ್ಕೆ ಬೇಕಾದ ಪುಸ್ತಕಗಳನ್ನೂ ಚೀನಾದಲ್ಲಿ ಓಡಾಡಿ ಕೂಡಿಸಿದವರು ಅವರು. ಅಂದರೆ ನಮ್ಮ ಮೊದಲ ಚೀನಾ ಸಂಶೋಧನಾ ಕೇಂದ್ರಕ್ಕೆ ಭಾಷಾಶಿಸ್ತು ಬಂದದ್ದು ಪ್ಯಾರಿಸ್‌ನಿಂದ, ಪುಸ್ತಕ ಬಂದದ್ದು ಚೀನಾದಿಂದ. ನಾವು ಕೊಟ್ಟದ್ದು ಜಾಗ, ಆದರ್ಶ ಮತ್ತು ಒಂದು ಪ್ರಶ್ನೆ: ಕಳೆದುಹೋದ ನಮ್ಮ ಗ್ರಂಥಗಳು ಅಲ್ಲಿ ಎಷ್ಟು ಉಳಿದಿವೆ?

ಪ್ರಶ್ನೆ ಸಣ್ಣದಾಗಿರಲಿಲ್ಲ. ಮೂಲ ಸಂಸ್ಕೃತದಲ್ಲಿ ನಶಿಸಿಹೋದ ಎಷ್ಟೋ ಬೌದ್ಧ ಕೃತಿಗಳು ಚೀನೀ ಅನುವಾದದಲ್ಲಿ ಬದುಕಿದ್ದವು. ಹರಿವರ್ಮನ ‘ಸತ್ಯಸಿದ್ಧಿಶಾಸ್ತ್ರ’ ಅಂಥದ್ದು. ಐದನೆಯ ಶತಮಾನದ ಆರಂಭದಲ್ಲಿ ಕುಮಾರಜೀವ ಚಾಂಗಾನ್ ನಗರದಲ್ಲಿ ಕೂತು ಅದನ್ನು ಚೀನೀ ಭಾಷೆಗೆ ತಂದ. ಅದಾಗಿ ಒಂದೂವರೆ ಸಾವಿರ ವರ್ಷದ ಮೇಲೆ ಎನ್. ಅಯ್ಯಾಸ್ವಾಮಿ ಶಾಸ್ತ್ರಿಗಳು ಆ ಚೀನೀ ಪಾಠ ಹಿಡಿದು ಇಡೀ ಗ್ರಂಥವನ್ನು ಮತ್ತೆ ಸಂಸ್ಕೃತಕ್ಕೆ ತಿರುಗಿಸಿದರು. ಒಂದೊಂದು ಪಾರಿಭಾಷಿಕ ಪದಕ್ಕೂ ಕುಮಾರಜೀವ ಬೇರೆ ಕಡೆ ಯಾವ ಸಂಸ್ಕೃತ ಪದಕ್ಕೆ ಅದನ್ನೇ ಬಳಸಿದ್ದಾನೆಂದು ನೋಡಬೇಕು. ಅದೇ ಮಾತು ಉಳಿದ ಶಾಸ್ತ್ರಗ್ರಂಥಗಳಲ್ಲಿ ಉದ್ಧೃತವಾಗಿದೆಯೇ ಎಂದು ಹುಡುಕಬೇಕು. ಇಂಥ ತಪಸ್ಸಿಗೆ ಗೌರವ ಸಲ್ಲಲೇಬೇಕು. ಆದರೆ ಇಲ್ಲಿ ಪ್ರಯಾಣವೆಲ್ಲ ಹಿಂದಕ್ಕೆ, ಭಾರತದ ಕಡೆಗೆ. ಈ ಶಾಸ್ತ್ರ ದಕ್ಷಿಣ ಚೀನಾದಲ್ಲಿ, ಅದರಲ್ಲೂ ಲಿಯಾಂಗ್ ವಂಶದ ಕಾಲದಲ್ಲಿ, ದೊಡ್ಡ ಪಂಡಿತಪರಂಪರೆಯನ್ನೇ ಬೆಳೆಸಿತು. ಭಾರತದಲ್ಲಿ ಅಷ್ಟೇನೂ ಸದ್ದು ಮಾಡದ ಕೃತಿ ಅಲ್ಲಿನವರನ್ನು ಏಕೆ ಹಿಡಿದುಕೊಂಡಿತು? ಮುಂದೆ ಅದನ್ನು ಅವರೇ ಏಕೆ ಕೈಬಿಟ್ಟರು? ಇವು ಚೀನಾದ ಇತಿಹಾಸದ ಪ್ರಶ್ನೆಗಳು. ಗ್ರಂಥ ಮರಳಿ ಸಿಕ್ಕರೆ ಸಾಕೆನ್ನುವ ದೃಷ್ಟಿಗೆ ಇವು ಮುಖ್ಯವೆನಿಸುವುದಿಲ್ಲ.

ಎಲ್ಲ ದೇಶದವರೂ ತಮ್ಮ ಹಿತ್ತಿಲಿನಿಂದಲೇ ಹೊರಡುತ್ತಾರೆ, ಇದರಲ್ಲಿ ತಪ್ಪೇನು ಎಂದು ಕೇಳಬಹುದು. ಹೊರಡುವುದರಲ್ಲಿ ತಪ್ಪಿಲ್ಲ, ಹೊರಟಲ್ಲೇ ನಿಂತರೆ ಕೆಲಸ ಕೆಡುತ್ತದೆ. ಇದಕ್ಕೆ ನಮ್ಮ ನಾಡಿನದೇ ನಿದರ್ಶನವಿದೆ. ಇಮ್ಮಡಿ ಪುಲಕೇಶಿಯ ರಾಜ್ಯದ ಬಗ್ಗೆ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಬರೆದದ್ದು ಕರ್ನಾಟಕದ ಚರಿತ್ರೆ ಓದಿದವರಿಗೆಲ್ಲ ಗೊತ್ತು: ಸೋತು ಬಂದ ಸೇನಾನಿಗೆ ಹೆಂಗಸರ ಉಡುಪು ಕೊಡುತ್ತಿದ್ದದ್ದು, ಕಾಳಗಕ್ಕೆ ಮುನ್ನ ಯೋಧರಿಗೂ ಆನೆಗಳಿಗೂ ಮದ್ಯ ಕುಡಿಸುತ್ತಿದ್ದದ್ದು, ಹರ್ಷನಿಗೂ ಈ ರಾಜ್ಯ ಮಣಿಯದಿದ್ದದ್ದು. 634ರ ಐಹೊಳೆ ಶಾಸನದ ಪಕ್ಕದಲ್ಲಿಟ್ಟು ನಾವು ಇದನ್ನು ಸಾಕ್ಷ್ಯವಾಗಿ ಬಳಸುತ್ತ ಬಂದಿದ್ದೇವೆ. ಆ ಸಾಲುಗಳು ನಮ್ಮ ಇತಿಹಾಸಕಾರರಿಗೆ ದಕ್ಕಿದ್ದು 1857-58ರ ಜೂಲಿಯನ್‌ನ ಫ್ರೆಂಚ್ ಅನುವಾದ, 1884ರ ಬೀಲ್‌ನ ಇಂಗ್ಲಿಷ್ ಅನುವಾದಗಳ ಮೂಲಕ. ಆದರೆ ಆ ಗ್ರಂಥ ಹುಟ್ಟಿದ ಸಂದರ್ಭವೇ ಬೇರೆ. 645ರಲ್ಲಿ ಯಾತ್ರಿಕ ಮರಳಿದಾಗ, ಪಶ್ಚಿಮದ ನಾಡುಗಳ ವೃತ್ತಾಂತ ಬರೆದುಕೊಡಲು ಹೇಳಿದವನು ತಾಂಗ್ ಚಕ್ರವರ್ತಿ ತೈಜಾಂಗ್. ಮರುವರ್ಷ ಕೃತಿ ಸಿದ್ಧವಾಯಿತು. ಮಧ್ಯ ಏಷ್ಯಾದತ್ತ ಅಧಿಕಾರ ಚಾಚುತ್ತಿದ್ದ ದೊರೆ ಅವನು. ಪ್ರತಿ ರಾಜ್ಯಕ್ಕೂ ಅದರ ಸುತ್ತಳತೆ, ಮಣ್ಣು, ಹವೆ, ಜನರ ಸ್ವಭಾವ, ವಿಹಾರಗಳ ಸಂಖ್ಯೆ ಎಂದು ಹೆಚ್ಚುಕಡಿಮೆ ಒಂದೇ ಅನುಕ್ರಮದಲ್ಲಿ ಬರುವ ವರದಿ ಅದು. ನಮ್ಮ ಬಗೆಗಿನ ಎರಡು ಪುಟ ಮಾತ್ರ ಕಿತ್ತು ಓದಿದವರಿಗೆ ಅದರಲ್ಲಿ ಪದ್ಧತಿಯಂತೆ ಬಂದ ಮಾತು ಯಾವುದು, ಕಣ್ಣಾರೆ ಕಂಡದ್ದು ಯಾವುದು, ದೊರೆಯ ಆಸಕ್ತಿಗೆಂದು ಹಿಗ್ಗಿಸಿದ್ದು ಯಾವುದು ಎಂದು ತೂಗಲು ಆಧಾರವೇ ಇರುವುದಿಲ್ಲ. ಪುಲಕೇಶಿಯನ್ನು ಸರಿಯಾಗಿ ತಿಳಿಯಲಿಕ್ಕೂ ತೈಜಾಂಗನ ಆಸ್ಥಾನ ಗೊತ್ತಿರಬೇಕು.

1962ರ ಅಕ್ಟೋಬರ್–ನವೆಂಬರ್ ಯುದ್ಧ ಈ ವಿದ್ಯೆಯ ದಿಕ್ಕನ್ನೇ ಬದಲಿಸಿತು. ಭಾರತದಲ್ಲಿ ನೆಲೆಸಿದ್ದ ಸಾವಿರಾರು ಚೀನೀ ಮೂಲದವರು ರಾಜಸ್ಥಾನದ ದೇವಳಿ ಶಿಬಿರದಲ್ಲಿ ಬಂಧಿಗಳಾದರು. ಎರಡು ವರ್ಷದೊಳಗೆ ದೆಹಲಿಯಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಹೊಸ ಕೇಂದ್ರ ಎದ್ದಿತು. ತರುಣ ವಿದ್ವಾಂಸರು ತರಬೇತಿಗೆ ವಿದೇಶಕ್ಕೆ ಹೋದರು. 1964ರಲ್ಲೇ ‘ಚೈನಾ ರಿಪೋರ್ಟ್’ ಪತ್ರಿಕೆ ಹುಟ್ಟಿತು. ರಾಯಭಾರಿಗಳು ಮತ್ತೆ ನೇಮಕಗೊಂಡದ್ದು 1976ರಲ್ಲಿ. ಅಲ್ಲಿಯತನಕ ಚೀನಾದ ನೆಲ ಮೆಟ್ಟುವುದೇ ನಮ್ಮ ಸಂಶೋಧಕರಿಗೆ ದುಸ್ತರವಾಗಿತ್ತು. ಹಾಗಾಗಿ ಗಮನ ಸಮಕಾಲೀನ ರಾಜಕೀಯ, ಪಕ್ಷ, ಸೇನೆ, ವಿದೇಶನೀತಿಗಳತ್ತ ಹರಿಯಿತು. ಮಾವೋನ ಚಿಂತನೆ, ಅಫೀಮು ಯುದ್ಧಗಳ ಮೇಲೆ ಒಳ್ಳೆಯ ಕೃತಿಗಳು ಬಂದದ್ದು ನಿಜ. ಒಟ್ಟಿನ ಒಲವು ಮಾತ್ರ ಎದುರಾಳಿಯ ಮುಂದಿನ ಹೆಜ್ಜೆ ಯಾವುದೆಂಬುದರ ಮೇಲೇ ಉಳಿಯಿತು.

ಪೆಟ್ಟು ತಿಂದ ದೇಶ ಭದ್ರತೆಯನ್ನು ಮೊದಲು ನೋಡದೆ ಮತ್ತೇನು ಮಾಡಬೇಕಿತ್ತು ಎಂಬ ಆಕ್ಷೇಪ ಬಲವಾದದ್ದೇ. ಅದನ್ನು ಒಪ್ಪಿಯೂ ಕೇಳಬೇಕಾದ ಮಾತಿದೆ: ಹಳೆಯ ಇತಿಹಾಸ ಬಿಟ್ಟು ಗಡಿಯ ಬಿಕ್ಕಟ್ಟು ಅರ್ಥವಾಗುತ್ತದೆಯೇ? ಚಿಂಗ್ ಸಾಮ್ರಾಜ್ಯದ ಸೇನೆ ಲಾಸಾ ಹೊಕ್ಕದ್ದು 1720ರಲ್ಲಿ. 1792ರಲ್ಲಿ ಅದೇ ಸಾಮ್ರಾಜ್ಯ ಗೂರ್ಖರನ್ನು ಟಿಬೆಟ್‌ನಿಂದ ಹಿಮ್ಮೆಟ್ಟಿಸಿ ನೇಪಾಳದೊಳಕ್ಕೂ ನುಗ್ಗಿತು. ಮರುವರ್ಷ ಟಿಬೆಟ್ ಆಡಳಿತಕ್ಕೆ ಇಪ್ಪತ್ತೊಂಬತ್ತು ಅಂಶಗಳ ಕಟ್ಟಳೆ ಹೊರಡಿಸಿತು. ಆ ಆಳ್ವಿಕೆಯ ಸ್ವರೂಪವೇನು, ಮಂಚೂ ಅರಸರು ಹಿಮಾಲಯವನ್ನು ಹೇಗೆ ನೋಡಿದರು ಎಂಬುದಕ್ಕೆ ಸಾಕ್ಷ್ಯ ಇರುವುದು ಮಂಚೂ, ಚೀನೀ, ಟಿಬೆಟನ್ ದಾಖಲೆಗಳಲ್ಲಿ. ಬ್ರಿಟಿಷ್ ಕಡತಗಳನ್ನಷ್ಟೇ ಓದಿ ಗಡಿಯ ವಾದ ಕಟ್ಟಿದರೆ ಅದು ಒಂದು ಕಣ್ಣಿನ ನೋಟ. ಹದಿನೆಂಟನೆಯ ಶತಮಾನವನ್ನು ಬಲ್ಲ ಸಂಶೋಧಕ ಭದ್ರತೆಗೆ ದುಬಾರಿಯ ಶೋಕಿಯಲ್ಲ, ಅಗತ್ಯ.

ಇಷ್ಟೇ ಅಲ್ಲ, ಚೀನಾದ ಇತಿಹಾಸಕ್ಕೆ ನಾವು ಕೊಡಬಹುದಾದದ್ದೂ ಇದೆ. 1839ರಲ್ಲಿ ಲಿನ್ ಝೆಶು ಎಂಬ ಅಧಿಕಾರಿ ಹೂಮೆನ್‌ನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮು ನಾಶಪಡಿಸಿದ. ಅದೇ ಅಫೀಮು ಯುದ್ಧಕ್ಕೆ ನೆಪವಾಯಿತು. ಆ ಅಫೀಮು ಬೆಳೆದದ್ದು ಬಿಹಾರ, ಬನಾರಸ್, ಮಾಳವದ ಹೊಲಗಳಲ್ಲಿ. ಹಣ ಹೂಡಿದವರಲ್ಲಿ ಮುಂಬಯಿಯ ಪಾರ್ಸಿ ವರ್ತಕರೂ ಇದ್ದರು. ಜಮ್‌ಶೇಟ್‌ಜಿ ಜೀಜೀಭಾಯ್ ಅವರ ವ್ಯಾಪಾರದ ಪತ್ರಗಳು ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. 1900ರಲ್ಲಿ ಬಾಕ್ಸರ್ ದಂಗೆ ಹತ್ತಿಕ್ಕಲು ಹೋದ ರಜಪೂತ ಪಡೆಯ ಗದಾಧರ ಸಿಂಗ್, ಚೀನಾದಲ್ಲಿ ಕಳೆದ ಹದಿಮೂರು ತಿಂಗಳ ಬಗ್ಗೆ ಹಿಂದಿಯಲ್ಲಿ ಪುಸ್ತಕ ಬರೆದ; ಅಲ್ಲಿನ ಜನರ ಸಂಕಟ ಕಂಡು ಮರುಗಿದ. ಹೊಲ, ಹುಂಡಿ, ಹಡಗು, ಸಿಪಾಯಿ ಎಲ್ಲವನ್ನೂ ಒಂದೇ ಕಥೆಯಾಗಿ ಹೆಣೆಯಲು ಗುಜರಾತಿಯೂ ಚೀನೀಯೂ ಬಲ್ಲವರು ಬೇಕು. ಅಂಥವರು ತಯಾರಾಗುವ ಅವಕಾಶ ಭಾರತದಲ್ಲಿರುವಷ್ಟು ಬೇರೆಲ್ಲೂ ಇಲ್ಲ.

ಇದಕ್ಕೆಲ್ಲ ಕಾಲ ಹಿಡಿಯುತ್ತದೆ, ಇಂಗ್ಲಿಷ್ ಅನುವಾದಗಳಿರುವಾಗ ಇಷ್ಟು ಶ್ರಮವೇಕೆ ಎನ್ನುವವರಿದ್ದಾರೆ. ಅನುವಾದವಾದದ್ದು ಮಹಾಸಾಗರದ ಒಂದು ಬೊಗಸೆ. ಯಾವುದು ಅನುವಾದವಾಗಬೇಕೆಂದು ಆರಿಸಿದ್ದೂ ಬೇರೆಯವರ ಪ್ರಶ್ನೆಗಳೇ. ಇಂದಿನ ಮ್ಯಾಂಡರಿನ್ ಕಲಿತವರಿಗೆ ತಾಂಗ್ ಕಾಲದ ಬರಹ ತಾನಾಗಿ ತೆರೆದುಕೊಳ್ಳುವುದಿಲ್ಲ. ವಿರಾಮಚಿಹ್ನೆಯಿಲ್ಲದ, ಹಳೆಯ ಲಿಪಿರೂಪದ ಆ ಗ್ರಾಂಥಿಕ ಭಾಷೆಗೆ ಹಳಗನ್ನಡದಂತೆಯೇ ಪ್ರತ್ಯೇಕ ಪಾಠ ಬೇಕು. ಎರಡು ವರ್ಷದ ಎಂ.ಎ., ಅವಸರದ ಪಿಎಚ್.ಡಿ.ಯಲ್ಲಿ ಇದು ಆಗುವ ಕೆಲಸವಲ್ಲ. ಬೀಜಿಂಗ್‌ನ ಪತ್ರಾಗಾರಗಳ ಬಾಗಿಲು ರಾಜಕೀಯದ ಗಾಳಿಗೆ ತೆರೆದು ಮುಚ್ಚುತ್ತಿರುತ್ತದೆ ಎಂಬುದೂ ನಿಜ. ಆದರೆ ಅಚ್ಚಾದ ಆಕರಗಳು, ಮುಂಬಯಿ, ಕೋಲ್ಕತ್ತ, ದೆಹಲಿಯ ನಮ್ಮವೇ ಕಡತಗಳು ಒಂದು ತಲೆಮಾರಿಗೆ ಸಾಕಾಗುವಷ್ಟಿವೆ. ಸ್ನೇಹವಿದ್ದಾಗ ಅರಳಿ, ಜಗಳವಾದಾಗ ದಿಕ್ಕು ಬದಲಿಸುವ ವಿದ್ಯೆಗೆ ಬೇರು ಇಳಿಯುವುದಿಲ್ಲ. ಗ್ರಾಂಥಿಕ ಚೀನೀ ಕಲಿಸುವ ಕಾಯಂ ಅಧ್ಯಾಪಕ ಹುದ್ದೆಗಳು, ಏಳೆಂಟು ವರ್ಷ ಕಾಯುವ ಸಂಶೋಧನಾ ವೇತನ, ತನಗೆ ಬೇಕಾದ ವಂಶ, ಊರು, ಕಸುಬು ಆರಿಸಿಕೊಳ್ಳುವ ಸ್ವಾತಂತ್ರ್ಯ, ಈ ಮೂರನ್ನೂ ಕೊಟ್ಟ ದಿನ ನಮ್ಮಲ್ಲಿ ಚೀನಾ ಅಧ್ಯಯನದ ಮೂರನೆಯ ಆರಂಭವಾದೀತು. ಆ ಆರಂಭಕ್ಕೆ ಉತ್ಸವವೂ ಬೇಡ, ಯುದ್ಧವೂ ಬೇಡ. ನೆರೆಯ ದೊಡ್ಡದೊಂದು ನಾಗರಿಕತೆಯನ್ನು ಅದರದೇ ಮಾತಿನಲ್ಲಿ ತಿಳಿಯಬೇಕೆಂಬ ಆಸೆಯೊಂದೇ ಸಾಕು.