ಬರೆಹದ ತಪ್ಪೂ ಲೋಕದ ತೀರ್ಪೂ

ಬರೆಹದಲ್ಲಿ ತಪ್ಪು ಕಂಡೊಡನೆ ಬರೆದವನ ಊರನ್ನೂ ವಿದ್ಯೆಯನ್ನೂ ಅಳೆಯಲು ತೊಡಗುವುದು ಲೋಕದ ಹಳೆಯ ರೂಢಿ. ಕನ್ನಡದಲ್ಲಿ ಈ ವಿಚಾರಕ್ಕೆ ಸಾವಿರ ವರ್ಷಗಳಿಗೂ ಮೀರಿದ ಚರಿತ್ರೆಯುಂಟು.

ಕ್ರಿ. ಶ. 850ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ಕಾವ್ಯದೋಷಗಳನ್ನು ವಿಸ್ತಾರವಾಗಿ ವಿಚಾರಿಸುತ್ತದೆ. ಸಂಸ್ಕೃತವನ್ನೂ ಕನ್ನಡವನ್ನೂ ವಿವೇಕವಿಲ್ಲದೆ ಕೂಡಿಸುವುದು ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂಬುದು ಅದರ ಮತ. ಆದರೆ ಅದೇ ಗ್ರಂಥವು, ನಾಡಿನ ಕನ್ನಡಗಳು ಬೇರೆಬೇರೆಯಾಗಿರುವುದರಿಂದ ಇದಿಷ್ಟೇ ದೋಷವೆಂದು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಯೂ ಬೇಸತ್ತಾನೆಂದು ಒಪ್ಪಿಕೊಳ್ಳುತ್ತದೆ. ಓದದವರೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ನಾಡವರನ್ನು ಕೊಂಡಾಡಿದುದೂ ಈ ಗ್ರಂಥವೇ.

1260ರ ಸುಮಾರಿನಲ್ಲಿ ಕೇಶಿರಾಜನು 'ಶಬ್ದಮಣಿದರ್ಪಣ'ವನ್ನು ರಚಿಸಿದನು. ಸಂಸ್ಕೃತಪದವನ್ನು ಕನ್ನಡಪದದೊಡನೆ ಸಮಾಸಮಾಡಿದರೆ ಅದು ಅರಿಸಮಾಸ, ಅರಿಯೆಂದರೆ ಶತ್ರು. ಆದರೂ ಬಿರುದಾವಳಿಗಳಲ್ಲಿಯೂ ಪೂರ್ವಕವಿಗಳು ಪ್ರಯೋಗಿಸಿದ ಕಡೆಗಳಲ್ಲಿಯೂ ಆತನು ಅದಕ್ಕೆ ಎಡೆಗೊಟ್ಟನು. ವ್ಯಾಕರಣಕ್ಕೂ ಪ್ರಯೋಗವೇ ಪ್ರಮಾಣವಾಯಿತು. ಆ ಕಾಲಕ್ಕೆ ೞಕಾರವು ಜನರ ನಾಲಗೆಯಿಂದ ಜಾರಿತ್ತು. ಆದಕಾರಣ ಆ ಅಕ್ಷರವುಳ್ಳ ಪದಗಳನ್ನು ಆತನು ಪಟ್ಟಿಮಾಡಿ ಕಾಪಾಡಬೇಕಾಯಿತು. ಆದರೆ ಕಾಲವು ಪಟ್ಟಿಯನ್ನು ಕೇಳಲಿಲ್ಲ. 'ಮೞೆ'ಯು 'ಮಳೆ'ಯಾಯಿತು, 'ಬಾೞೆ'ಯು 'ಬಾಳೆ'ಯಾಯಿತು, 'ಆಱು' ಎಂಬುದು 'ಆರು' ಆಯಿತು. ಇಂದು ಅರಳಸುರಳಿಯ ಬಾಲಕನು ಹಲಗೆಯ ಮೇಲೆ 'ಮಳೆ' ಎಂದು ಬರೆದರೆ ಪಂಡಿತನೂ ಸರಿಯೆನ್ನುತ್ತಾನೆ. ಕೇಶಿರಾಜನ ಕಣ್ಣಿಗೆ ಅದು ತಪ್ಪು.

ಇಂಗ್ಲಿಷಿನ ಕಥೆಯೂ ಬೇರೆಯಲ್ಲ. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿಯು ವ್ಯಾಕರಣವೊಂದನ್ನು ಪ್ರಕಟಿಸಿ, ಷೇಕ್ಸ್‌ಪಿಯರ್, ಮಿಲ್ಟನ್ ಮೊದಲಾದ ಮಹಾಕವಿಗಳಲ್ಲಿಯೇ ತಪ್ಪುಗಳನ್ನು ತೋರಿಸಿದನು. ಎರಡು ನಿಷೇಧಗಳು ಕೂಡಿದರೆ ವಿಧಿಯಾಗುತ್ತದೆಂದು ಆತನ ನಿಯಮ. ಅದಕ್ಕೆ ಮೊದಲು ಷೇಕ್ಸ್‌ಪಿಯರನು ಎರಡು ನಿಷೇಧಗಳನ್ನು ನಿಃಶಂಕೆಯಾಗಿ ಬಳಸಿದ್ದನು. ಅಂತಹ ನಿಯಮಗಳೇ ಶಾಲೆಗಳನ್ನು ಸೇರಿ, 1835ರ ತರುವಾಯ ಸರಕಾರದ ಆಶ್ರಯಪಡೆದ ಇಂಗ್ಲಿಷ್ ವಿದ್ಯೆಯೊಡನೆ ನಮ್ಮ ನಾಡಿನಲ್ಲಿಯೂ ಹರಡಿದುವು. ಕನ್ನಡದಲ್ಲಿ 'ಎ', 'ದಿ' ಎಂಬ ಉಪಪದಗಳಿಗೆ ಸಮನಾದುದಿಲ್ಲ. ಆದ್ದರಿಂದ ಕನ್ನಡಿಗನು ಅವನ್ನು ಬಿಡುವುದು ಬುದ್ಧಿಮಾಂದ್ಯದಿಂದಲ್ಲ, ಮಾತೃಭಾಷೆಯ ಜಾಡಿನಿಂದ. ಆದರೂ ಅರ್ಜಿಯಲ್ಲಿ ಅಂತಹ ಒಂದು ಪದ ಬಿಟ್ಟುಹೋದರೆ ಅರ್ಜಿದಾರನ ಯೋಗ್ಯತೆಯೇ ಶಂಕೆಗೊಳಗಾಗುವುದುಂಟು. ಮಹಾಪ್ರಾಣವನ್ನು ತಪ್ಪಿದ, 'ಅ'ಕಾರ 'ಹ'ಕಾರಗಳನ್ನು ಅದಲುಬದಲು ಮಾಡಿದ ಹಳ್ಳಿಯ ಹುಡುಗನಿಗೆ ಕನ್ನಡದಲ್ಲಿಯೂ ಇದೇ ಗತಿ. ನಗೆಗೆ ಅಂಜಿ ಬರೆಯುವುದನ್ನೇ ಬಿಟ್ಟವನ ನಷ್ಟವನ್ನು ಯಾವ ವ್ಯಾಕರಣವೂ ತುಂಬಿಕೊಡಲಾರದು.

ಇಷ್ಟರಿಂದ ನಿಯಮವೇ ಬೇಡವೆಂದಾಗದು. ಅರ್ಥವನ್ನು ಕೆಡಿಸುವ ತಪ್ಪನ್ನು ತಿದ್ದಲೇಬೇಕು. 'ದನ'ಕ್ಕೂ 'ಧನ'ಕ್ಕೂ ಅಂತರವುಂಟಷ್ಟೆ. ಆದರೆ ತಿದ್ದುವುದು ಬೇರೆ, ತೂಗುವುದು ಬೇರೆ. ಅಕ್ಷರದ ದೋಷವು ಅಕ್ಷರಕ್ಕೇ ಸಲ್ಲತಕ್ಕುದು, ಬರೆದವನ ಗುಣಕ್ಕಲ್ಲ. ದೋಷಗಳನ್ನು ಎಣಿಸಲು ವಾಸುಕಿಗೂ ಆಗದೆಂದ ಹಿರಿಯನ ಮಾತಿನಲ್ಲಿ ಇರುವ ವಿನಯವು ತಿದ್ದುವವರಿಗೆಲ್ಲ ಮೊದಲ ಪಾಠವಾಗಬೇಕು.