ನಾಯಿಕೊಡೆಯ ಪರವಾಗಿ

ಅಣಬೆ, ನಾಯಿಕೊಡೆ, ಮಶ್ರೂಮ್. ನಿಘಂಟು ತೆರೆದರೆ ಮೂರೂ ಒಂದೇ, ಬಳಕೆಯಲ್ಲಿ ಮಾತ್ರ ಮೂರಕ್ಕೂ ಮೂರು ಅಂತಸ್ತು. ತಟ್ಟೆಗೆ ಬರುವುದು ಅಣಬೆ, ಬೇಲಿಯಾಚೆ ಉಳಿಯುವುದು ನಾಯಿಕೊಡೆ, ದುಡ್ಡು ಕೊಟ್ಟು ತರುವುದು ಮಶ್ರೂಮ್. ಹೋಟೆಲಿನಲ್ಲಿ ಕೂತು ‘ಒಂದು ಪ್ಲೇಟ್ ಅಣಬೆ ಮಂಚೂರಿ’ ಎಂದವರನ್ನು ನಾನಂತೂ ಕಂಡಿಲ್ಲ.

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿರುವ ನಮ್ಮ ಕನ್ನಡಿಗರ ಮನೆಗಳಲ್ಲಿ ಈಗ ಮಶ್ರೂಮಿನದೇ ಕಾರುಬಾರು. ಪ್ಲಾಸ್ಟಿಕ್ ಹೊದ್ದ ಆ ಬಿಳಿ ಗುಂಡುಗಳು ದೂರದಿಂದ ಬರಬೇಕಾಗಿಯೂ ಇಲ್ಲ. ಇದೇ ಕೌಂಟಿಯ ದಕ್ಷಿಣ ತುದಿಯ ಮಾರ್ಗನ್ ಹಿಲ್ ಅಣಬೆ ಬೇಸಾಯಕ್ಕೆ ಹೆಸರಾದ ಊರು. ‘ಮಶ್ರೂಮ್ ಮಾರ್ಡಿ ಗ್ರಾ’ ಎಂಬ ಜಾತ್ರೆಯನ್ನೇ ನಡೆಸಿಕೊಂಡು ಬಂದಿದೆ. ಅಣಬೆ ಎಂಬ ಮಾತು ಊರಿಗೆ ಫೋನ್ ಮಾಡಿದಾಗ ಮಾತ್ರ, ಅದೂ ಜೂನ್ ತಿಂಗಳಲ್ಲಿ, ಕೇಳಿಬರುತ್ತದೆ. ನಾಯಿಕೊಡೆಯಂತೂ ಪತ್ರಿಕೆಯ ಪಾಲಾಗಿದೆ. ಅನಧಿಕೃತ ಬಡಾವಣೆ, ಕೋಚಿಂಗ್ ಸೆಂಟರು, ನಕಲಿ ಕ್ಲಿನಿಕ್ಕು, ಯಾವುದೇ ಇರಲಿ, ನಾಯಿಕೊಡೆಗಳಂತೆ ತಲೆಯೆತ್ತುತ್ತವೆ. ಇಲ್ಲಿನ ಸ್ಟಾರ್ಟ್ಅಪ್‌ಗಳಿಗೂ ಆ ಮಾತು ಹೊಂದುತ್ತದೆ. ಷೇರು ಕೈಯಲ್ಲಿರುವವರು ಆಡುವುದಿಲ್ಲ ಅಷ್ಟೆ.

ಈ ಬೈಗುಳದ ಪದವೇ ನನಗೆ ಹೆಚ್ಚು ಉಪಯುಕ್ತವಾಗಿ ಕಾಣುತ್ತದೆ. ಗಿಡಮರಗಳ ಹೆಸರಿನಲ್ಲಿ ನಾಯಿ ಸುಮ್ಮನೆ ಬಂದು ಕೂರುವುದಿಲ್ಲ. ನಾಯಿತುಳಸಿ, ನಾಯಿಸಾಸಿವೆ: ನೋಡಲು ಹಾಗೇ ಇದೆ, ಆದರೆ ಅದಲ್ಲ, ಪೂಜೆಗೂ ಒಗ್ಗರಣೆಗೂ ಅಲ್ಲ ಎಂದರ್ಥ. ಸಂಸ್ಕೃತದ ‘ಛತ್ರಾಕ’ವೂ ಕೊಡೆಯಿಂದಲೇ ಬಂದದ್ದು, ಮನುಸ್ಮೃತಿ ದ್ವಿಜರಿಗೆ ಬೆಳ್ಳುಳ್ಳಿ, ಈರುಳ್ಳಿಯ ಜೊತೆಗೆ ಅಣಬೆಯನ್ನೂ ನಿಷೇಧಿಸುತ್ತದೆ. ಆ ನಿಷೇಧ ಜಾತಿ ನೋಡಿ ಮಾಡಿದ್ದು. ಕನ್ನಡದ ನಾಯಿ ಜಾತಿ ಕೇಳುವುದಿಲ್ಲ, ಗುರುತು ಸಿಗುವವರೆಗೆ ಯಾರೂ ಮುಟ್ಟಬೇಡಿ ಎನ್ನುತ್ತದೆ.

ಗುರುತು ಸಿಕ್ಕ ಮೇಲೆ ಹೆಸರುಗಳಿಗೆ ಬರವಿಲ್ಲ. ತುಳುವಿನಲ್ಲಿ ಅಲಂಬು, ಕೊಡವರಿಗೆ ಕುಮ್ಮು. ಮೊದಲ ಮಳೆಗೆ ಕರಾವಳಿಯ ಗುಡ್ಡದ ಮಣ್ಣು ಕೆದಕಿದರೆ ಸಿಗುವ ಗೋಲಿಯಂಥ ಕಲ್ಲಣಬೆ ಪೇಟೆಯಲ್ಲಿ ಕೋಳಿಗಿಂತ ದುಬಾರಿ. ಮಲೆನಾಡಿನ ಹುತ್ತದಣಬೆಯ ಕಾಲು ಮಣ್ಣೊಳಗೆ ಗೆದ್ದಲಿನ ಗೂಡಿನವರೆಗೂ ಇಳಿದಿರುತ್ತದೆ. ಎಳೆದರೆ ಅರ್ಧಕ್ಕೆ ತುಂಡಾಗುತ್ತದೆ, ಬೆರಳು ಹಾಕಿ ಬಿಡಿಸಿಕೊಳ್ಳಬೇಕು. ಅಲ್ಲಿ ಅಣಬೆ ಬೆಳೆಯುವುದಿಲ್ಲ, ‘ಏಳುತ್ತದೆ’. ಗುಡುಗಿದ ಮಾರನೆಯ ಬೆಳಿಗ್ಗೆ ‘ಅಣಬೆ ಎದ್ದಿದೆ’ ಎಂದು ಸುದ್ದಿ ಬರುತ್ತದೆ, ಎಲ್ಲಿ ಎಂದು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ವರ್ಷ ವರ್ಷ ಅದೇ ಹುತ್ತ, ಅದೇ ಕೈ. ಆ ಗುರುತಿಗೇ ಅಣಬೆ ಎಂದು ಹೆಸರು.

ಮಾತು ವಿಮಾನ ಹತ್ತಿತು, ಹುತ್ತ ಹತ್ತಲಿಲ್ಲ. ಅಣಬೆ ಸಾಕುವ ಗೆದ್ದಲು ಆಫ್ರಿಕಾ ಮತ್ತು ಏಷ್ಯಾದಲ್ಲಷ್ಟೇ ಇರುವುದರಿಂದ ಹುತ್ತದಣಬೆ ಕ್ಯಾಲಿಫೋರ್ನಿಯಾದ ನೆಲದಲ್ಲಿ ಏಳುವುದೇ ಇಲ್ಲ. ಮಳೆಯ ಲೆಕ್ಕವೂ ತಲೆಕೆಳಗು: ಜೂನ್‌ನಲ್ಲಿ ಗುಡ್ಡಗಳು ಒಣಗಿ ಕಂದಾಗಿರುತ್ತವೆ, ನವೆಂಬರ್ ದಾಟಿದರೆ ಹಸಿರು. ಊರಿನಿಂದ ಆರು ತಿಂಗಳಿಗೆಂದು ಬಂದ ಅಮ್ಮಂದಿರು ಆಗ ವಾಕಿಂಗ್ ಹೊರಡುತ್ತಾರೆ. ಓಕ್ ಮರದ ಬುಡದಲ್ಲಿ ಕೊಡೆ ಬಿಚ್ಚಿದ್ದು ಕಂಡರೆ ಕೈ ಸುಮ್ಮನಿರುತ್ತದೆಯೇ? ‘ಇಲ್ಲೂ ಎದ್ದಿದೆಯಲ್ಲೇ, ಯಾರೂ ಕಿತ್ತಿಲ್ಲ ನೋಡು. ಒಂದು ಚೀಲ ತಾ.’

ಯಾರೂ ಕೀಳದ್ದಕ್ಕೆ ಕಾರಣವಿರಬಹುದು. ಅಮಾನಿಟಾ ಫೆಲಾಯ್ಡಿಸ್, ಇಲ್ಲಿಯವರು ಡೆತ್ ಕ್ಯಾಪ್ ಎನ್ನುವುದು, ಈ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಓಕ್‌ಗಳ ಬುಡದಲ್ಲಿ ಧಾರಾಳ. ಅದೂ ನಮ್ಮ ಹಾಗೆ ವಲಸೆ ಬಂದದ್ದೇ. ಯೂರೋಪಿನದು, ಕ್ಯಾಲಿಫೋರ್ನಿಯಾದಲ್ಲಿ ಮೊದಲು ದಾಖಲಾದದ್ದು 1938ರಲ್ಲಿ, ಮಾಂಟೆರೆಯ ಹೋಟೆಲೊಂದರ ತೋಟದಲ್ಲಿ. ಆಮೇಲೆ ಸ್ಥಳೀಯ ಓಕ್‌ಗಳ ಬೇರಿಗೂ ಹೊಂದಿಕೊಂಡಿತು. ತುಸು ಹಸಿರು ಬೆರೆತ ಹಳದಿ ಟೋಪಿ, ಕೆಳಗೆ ಬಿಳಿ ಪದರ, ಕಾಲಿಗೊಂದು ಬಳೆ, ಬುಡ ಬಿಳಿ ಚೀಲದೊಳಗೆ. ಆ ಚೀಲ ಮಣ್ಣಲ್ಲಿ ಹೂತಿರುತ್ತದೆ, ಮೇಲಿಂದ ಕಿತ್ತರೆ ಮುಖ್ಯ ಸಾಕ್ಷಿಯೇ ನೆಲದಲ್ಲಿ ಉಳಿಯುತ್ತದೆ. ಮೊಗ್ಗಾಗಿದ್ದಾಗ ಭತ್ತದ ಹುಲ್ಲಿನ ಅಣಬೆಯ ಹಾಗೇ ಕಂಡು, ಏಷ್ಯಾದಿಂದ ಬಂದ ಎಷ್ಟೋ ಕುಟುಂಬಗಳು ಮೋಸಹೋಗಿವೆ. ರುಚಿಯೂ ಚೆನ್ನಾಗಿರುತ್ತದಂತೆ, ತಿಂದು ಬದುಕಿದವರ ಮಾತು.

ಬೇಯಿಸಿದರೆ, ಒಣಗಿಸಿದರೆ ವಿಷ ಹೋಗುವುದಿಲ್ಲ. ಬೆಳ್ಳಿ ಕಪ್ಪಾಗುತ್ತದೆ, ಬೆಳ್ಳುಳ್ಳಿ ಬಣ್ಣ ತಿರುಗುತ್ತದೆ, ಹುಳ ತಿಂದದ್ದನ್ನು ನಾವೂ ತಿನ್ನಬಹುದು ಎಂಬ ಪರೀಕ್ಷೆಗಳೆಲ್ಲ ಸುಳ್ಳು. ಆರರಿಂದ ಇಪ್ಪತ್ತನಾಲ್ಕು ಗಂಟೆ ಬಿಟ್ಟು ವಾಂತಿ-ಭೇದಿ ಶುರು, ಮಧ್ಯೆ ಒಂದು ದಿನ ಗುಣವಾದಂತೆ ತೋರುತ್ತದೆ, ಅಷ್ಟರಲ್ಲಿ ಒಳಗೆ ಯಕೃತ್ತು ಸಾಯುತ್ತಿರುತ್ತದೆ. 2016ರ ಡಿಸೆಂಬರ್ ಒಂದೇ ತಿಂಗಳಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ 14 ಮಂದಿ ಹೀಗೆ ವಿಷಕ್ಕೆ ತುತ್ತಾದರು, ಮೂವರಿಗೆ ಯಕೃತ್ತಿನ ಕಸಿಯಾಯಿತು. ಇಂಥದ್ದಕ್ಕೆ ಕನ್ನಡದಲ್ಲಿ ಪ್ರತ್ಯೇಕ ಹೆಸರಿಲ್ಲ. ಇರುವುದು ನಾಯಿಕೊಡೆ, ಅದು ಸಾಕು.

‘ಪೌಷ್ಟಿಕಾಂಶ’ ಎಂಬ ಇನ್ನೊಂದು ಪದವೂ ಈಚೆಗೆ ಅಣಬೆಗೆ ಅಂಟಿಕೊಂಡಿದೆ. ಸಸ್ಯಾಹಾರಿಗಳ ಮಾಂಸ ಎಂದು ವಾಟ್ಸ್ಆ್ಯಪ್ ಹೇಳುತ್ತದೆ. ನೂರು ಗ್ರಾಂ ಹಸಿ ಮಶ್ರೂಮಿನಲ್ಲಿ ತೊಂಬತ್ತಕ್ಕೂ ಹೆಚ್ಚು ನೀರೇ. ಪ್ರೋಟೀನು ಸುಮಾರು 3 ಗ್ರಾಂ. ಒಣಗಿಸಿ ತೂಗಿದರೆ ಅಂಕಿ ದೊಡ್ಡದಾಗುತ್ತದೆ, ಆದರೆ ಒಣಪುಡಿಯನ್ನು ಬಟ್ಟಲುಗಟ್ಟಲೆ ತಿನ್ನುವವರು ಯಾರು? ಪೊಟ್ಯಾಸಿಯಂ, ಸೆಲೆನಿಯಂ, ಬಿ ಗುಂಪಿನ ಕೆಲವು ಜೀವಸತ್ವಗಳು ಇವೆ, ಒಳ್ಳೆಯದೇ. ಕಾಡಿನ ಅಣಬೆಯ ನಿಜವಾದ ಹೆಚ್ಚುಗಾರಿಕೆ ಡಿ ಜೀವಸತ್ವ. ಅಣಬೆಯಲ್ಲಿರುವ ಎರ್ಗೊಸ್ಟಿರಾಲ್ ಬಿಸಿಲಿನ ನೇರಳಾತೀತ ಕಿರಣ ತಾಗಿದರೆ ಡಿ2 ಆಗುತ್ತದೆ. ಕತ್ತಲ ಶೆಡ್ಡಿನಲ್ಲಿ ಬೆಳೆದ ಗುಂಡಿಗೆ ಆ ಭಾಗ್ಯವಿಲ್ಲ. ಅಂಗಡಿಯಿಂದ ತಂದದ್ದನ್ನು ಹೆಚ್ಚಿ, ಒಲೆಗೆ ಹಾಕುವ ಮುಂಚೆ ಮಧ್ಯಾಹ್ನದ ಬಿಸಿಲಿಗೆ ಹರಡಿದರೆ ಅದಕ್ಕೂ ಬರುತ್ತದೆ. ಸಾಂಟಾ ಕ್ಲಾರಾದಲ್ಲಿ ಬಿಸಿಲಿಗೇನು ಬಡತನ! ಪೌಷ್ಟಿಕಾಂಶಕ್ಕಾಗಿ ಕಾಡಿಗೆ ಹೋಗಬೇಕಾಗಿಲ್ಲ ಎಂಬುದು ನನ್ನ ವಾದ. ಹೋಗುವುದಾದರೆ ರುಚಿಗೆ ಹೋಗಿ.

ರುಚಿಯ ಮಾತು ಬಂದರೆ ಕ್ಯಾಲಿಫೋರ್ನಿಯಾದ ಚಿನ್ನದ ಬಣ್ಣದ ಶಾಂಟೆರೆಲ್ ಇದೆ. ಅದೂ ಓಕ್ ಬುಡದ್ದೇ. ಹತ್ತಿರ ಹಿಡಿದರೆ ಏಪ್ರಿಕಾಟ್ ಘಮ. ಚಿಪ್ ಕಾರ್ಖಾನೆಗಳಿಗೆ ಮುಂಚೆ ಸಾಂಟಾ ಕ್ಲಾರಾ ಕಣಿವೆಯಲ್ಲಿ ಆ ಹಣ್ಣಿನ ತೋಟಗಳೂ ಬೇಕಾದಷ್ಟಿದ್ದವು. ಸ್ಯಾನ್ ಹೊಸೆಯ ಶಾಸಕ ಆ್ಯಶ್ ಕಾಲ್ರಾ ಮಂಡಿಸಿದ ಮಸೂದೆಯಿಂದಾಗಿ 2024ರ ಜನವರಿಯಿಂದ ಈ ಶಾಂಟೆರೆಲ್ ರಾಜ್ಯದ ಅಧಿಕೃತ ಅಣಬೆ. ಅಣಬೆ ಎನ್ನಲು ಅಡ್ಡಿಯಿಲ್ಲ, ಗೊತ್ತಿದ್ದವರು ಕೈಯಲ್ಲಿ ಹಿಡಿದು ನೋಡಿದ ಮೇಲೆ. ಮೈಕಲಾಜಿಕಲ್ ಸೊಸೈಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊ 1950ರಿಂದ ಆ ಕೆಲಸದಲ್ಲಿದೆ. ಆದರೆ ಸಾಂಟಾ ಕ್ಲಾರಾ ಕೌಂಟಿಯ ಪಾರ್ಕುಗಳಲ್ಲಿ ಕೀಳುವಂತಿಲ್ಲ. ಕಾನೂನು ಮೀರದೆ ಬುಟ್ಟಿ ತುಂಬಬೇಕೆಂದರೆ ಉತ್ತರಕ್ಕೆ ಗಂಟೆಗಟ್ಟಲೆ ಕಾರು ಓಡಿಸಿ ಸಾಲ್ಟ್ ಪಾಯಿಂಟ್ ಸ್ಟೇಟ್ ಪಾರ್ಕಿನಂಥ ಜಾಗಕ್ಕೆ ಹೋಗಬೇಕು. ಅಲ್ಲೂ ತಲೆಗೆ ದಿನಕ್ಕೆ ಐದು ಪೌಂಡು, ಅಷ್ಟೇ.