ಸಣ್ಣ ದನಿಗೂ ಒಂದು ಮೈಕ್

ಶ್ರಾವಣ ಬಂತಂದ್ರ ನಮ್ಮ ಓಣಿಯೊಳಗ ಈಗ ಎರಡು ತಯಾರಿ. ಒಂದು ಶುಕ್ರವಾರದ ಲಕ್ಷ್ಮೀದು, ಇನ್ನೊಂದು ಲೈವ್‌ದು. ಪುಣೆದಾಗಿನ ಸೊಸಿ, ಅಮೆರಿಕಾದ ಮಗಳು ಕೂತಲ್ಲಿಂದನ ಆರತಿ ನೋಡಬೇಕಲ್ರಿ. ಚಿತ್ರ ಛಲೋ ಬರತದ, ಹಾಡು ಮಾತ್ರ ಕೇಳಂಗಿಲ್ಲ. ಫ್ಯಾನಿನ ಸಪ್ಪಳ, ಕುಕ್ಕರಿನ ಸೀಟಿ ಎಲ್ಲಾ ಸ್ಪಷ್ಟ! "ಯಾವ ಮೈಕ್ ತಗೋಬೇಕ್ರಿ ವೈನಿ?" ಅಂತ ಕೇಳಿದವರಿಗೆ ನಾ ಮೊದಲ ಮೈಕಿನ ಕಥಿ ಹೇಳತೀನಿ. ಕಥಿ ಗೊತ್ತಿದ್ರ ಅಂಗಡಿಯವ ತೋರಿಸಿದ್ದೆಲ್ಲಾ ಕೊಳ್ಳೋದು ತಪ್ಪತದ.

ಹಿಂದಕ ದೊಡ್ಡ ದನಿಯವರದ ರಾಜ್ಯ ಇತ್ತು. 1902ರಾಗ ಕಲಕತ್ತಾದೊಳಗ ಗೌಹರ್ ಜಾನ್ ಅವರ ಹಾಡು ರಿಕಾರ್ಡ್ ಮಾಡಿದಾಗ ಅವರ ಎದುರಿಗೆ ಇದ್ದದ್ದು ಮೈಕ್ ಅಲ್ಲ, ಒಂದು ದೊಡ್ಡ ಕಹಳಿ. ಅದರ ಬಾಯೊಳಗ ಜೋರಾಗಿ ಹಾಡಬೇಕು, ಆ ದನಿಯ ಬಲದಿಂದನ ಆ ಕಡೆ ಸೂಜಿ ಅಲುಗಾಡಿ ಮೇಣದ ಮ್ಯಾಲ ಗೀರು ಬೀಳಬೇಕು. ನಡುವ ಕರೆಂಟಿನ ಸಹಾಯ ಏನೂ ಇಲ್ಲ. ಬೀಸುಕಲ್ಲಿನ ಮುಂದ, ತೊಟ್ಟಿಲ ಮುಂದ ತಮ್ಮಷ್ಟಕ್ಕ ತಾವು ಮೆತ್ತಗ ಹಾಡಿಕೊಳ್ಳತಿದ್ದ ನಮ್ಮ ಮುತ್ತಜ್ಜಿಗಳ ದನಿ ಅಂಥ ಕಹಳಿಗೆ ಎಲ್ಲಿ ಸಾಲಬೇಕು?

ಮೈಕ್ ಬಂದದ್ದು ಟೆಲಿಫೋನಿನ ಸಲುವಾಗಿ, 1877-78ರ ಸುಮಾರಿಗೆ. ಎಡಿಸನ್, ಬರ್ಲಿನರ್, ಹ್ಯೂಸ್ ಮೂವರೂ ಅದರ ಬೆನ್ನು ಹತ್ತಿದ್ರು. ಮುಂದ ಟೆಲಿಫೋನಿನೊಳಗ ಕೂತದ್ದು ಇದ್ದಲಿಯಂಥ ಇಂಗಾಲದ ಸಣ್ಣ ಕಾಳು. ದನಿ ಬಡಿದ ಹಂಗ ಕಾಳು ಒತ್ತತಾವ, ಕರೆಂಟು ಹೆಚ್ಚು ಕಡಿಮಿ ಆಗತದ. ಹಳೇ ಕರೀ ಫೋನು ಮಂದ ಆದ್ರ ರಿಸೀವರ್ ಅಂಗೈಗೆ ಬಡೀತಿದ್ವಿ, ನೆನಪದನ್ರಿ? ಒಳಗ ಒತ್ತಾಗಿ ಕೂತ ಕಾಳು ಅದರಿಂದ ಸಡಿಲ ಆಗತಿದ್ವು.

ಅದು ಮಾತಿಗೆ ಸಾಕು, ಹಾಡಿಗೆ ಸಾಲದು. 1916ರಾಗ ಅಮೆರಿಕಾದ ವೆಂಟೆ ಅನ್ನವರು ತೆಳು ಪರದಿ ಇರೋ ಕಂಡೆನ್ಸರ್ ಮೈಕ್ ಮಾಡಿದ್ರು. 1925ರಿಂದ ರಿಕಾರ್ಡಿಗೂ ಕಹಳಿ ಹೋಗಿ ಮೈಕ್ ಬಂತು. ನಮ್ಮ ಗಂಗೂಬಾಯಿ ಹಾನಗಲ್ ಅವರು 1930ರ ದಶಕದಾಗ 'ಗಾಂಧಾರಿ ಹುಬ್ಳಿ' ಅನ್ನೋ ಹೆಸರಿಲೆ ಹಾಡಿದ ರಿಕಾರ್ಡು ಕೇಳಿರೇನು? ಮುಂದ ಗಂಟಲಿನ ಆಪರೇಷನ್ ಆಗಿ ದನಿ ದಪ್ಪಾತು. ಆ ಮೊದಲಿನ ಎಳೇ ದನಿ ನಮಗ ಇವತ್ತೂ ಸಿಗತದ ಅಂದ್ರ ಮೈಕಿನ ಪುಣ್ಯ.

ಮನಿಯಿಂದ ಲೈವ್ ಮಾಡೋದೂ ಹೊಸಾದಲ್ಲ ಬಿಡ್ರಿ. 1935ರಾಗ ಮೈಸೂರಿನ್ಯಾಗ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನಿಯೊಳಗನ ರೇಡಿಯೋ ಕೇಂದ್ರ ಚಾಲೂ ಮಾಡಿದ್ರು. 'ಆಕಾಶವಾಣಿ' ಅನ್ನೋ ಹೆಸರು ಆ ಮನಿಯಿಂದನ ದೇಶಕ್ಕೆಲ್ಲಾ ಹೋತು.

ಇನ್ನ ನಮ್ಮ ಕೆಲಸಕ್ಕ ಬರೋ ಎರಡು ಸಂಗತಿ. 1939ರಾಗ ಶೂರ್ ಕಂಪನಿಯ ಬಾವರ್ ಅನ್ನವರು ಒಂದ ಮೈಕಿನ ಗುಂಡಿನಿಂದ ಮುಂದಿನ ದನಿ ಹೆಚ್ಚು, ಬೆನ್ನ ಹಿಂದಿನದು ಕಡಿಮಿ ಕೇಳೋ ಹಂಗ ಮಾಡಿದ್ರು. ಕೈಯಾಗ ಹಿಡಿಯೋ ಮೈಕ್ ಬಹಳಷ್ಟು ಈ ಜಾತೀದು. ಅದರ ಬೆನ್ನು ಅಡಗಿಮನಿ ಕಡೆ ತಿರುಗಿಸಿ, ನಾಕು ಬೆರಳು ದೂರ ಹಿಡಿದು ಹಾಡಬೇಕು. ಮೊಳ ದೂರ ಹಿಡಿದ್ರ ಉಪಯೋಗಿಲ್ಲ. 1962ರಾಗ ಜೇಮ್ಸ್ ವೆಸ್ಟ್, ಸೆಸ್ಲರ್ ಇಬ್ಬರೂ ಬೆಲ್ ಲ್ಯಾಬಿನ್ಯಾಗ ವಿದ್ಯುತ್ತನ್ನ ತನ್ನೊಳಗನ ಹಿಡಿದಿಟ್ಟುಕೊಳ್ಳೋ ಪ್ಲಾಸ್ಟಿಕ್ ಪರದಿಯ ಮೈಕ್ ಮಾಡಿದ್ರು, ಇಲೆಕ್ಟ್ರೆಟ್ ಅಂತ. ಮೈಕ್ ಸಣ್ಣಾತು, ಸೋವಿನೂ ಆತು. ನಮ್ಮ ಕಾಲರ್ ಮೈಕ್ ಇದರ ಮೊಮ್ಮಗಳು.

ಒಬ್ಬರ ಹಾಡೋದಿದ್ರ ಅದನ್ನ ತಗೊಳ್ರಿ, ನಿಮ್ಮ ಫೋನಿಗೆ ಹೊಂದೋ ಪಿನ್ ನೋಡಿ. ಟೇಬಲ್ ಮ್ಯಾಲ ಇಡೋ ತುಟ್ಟಿ ಕಂಡೆನ್ಸರ್ ಈಗ ಬ್ಯಾಡ, ಅದು ಇಡೀ ಖೋಲಿ ಕೇಳಸ್ತದ. ಬಾಯಿಂದ ಗೇಣು ದೂರ ಇದ್ದ ಮೈಕ್ ಎರಡು ಗೇಣಾದ್ರ ಅದಕ್ಕ ಮುಟ್ಟೋ ದನಿಯ ಶಕ್ತಿ ನಾಕರಾಗ ಒಂದು ಪಾಲಿಗೆ ಇಳೀತದ, ಫ್ಯಾನಿನ ಸಪ್ಪಳ ಮಾತ್ರ ಹಂಗ ಇರತದ. ಗದ್ದದ ಕೆಳಗ ಒಂದು ಗೇಣಿಗೆ ಸಿಗಿಸ್ರಿ, ಮಂಗಳಸೂತ್ರ, ಸೆರಗು ತಾಕಬಾರದು. ಬರೇ ಗ್ವಾಡಿ ಇದ್ರ ದನಿ ಗುಂಯ್ ಅಂತದ, ಹಗ್ಗಕ್ಕ ಎರಡು ಕೌದಿ ಹಾಕ್ರಿ.

ನಮ್ಮತ್ತಿಯವರಿಗೆ ಎಂಬತ್ತನಾಕು. ಅವರಿಗೆ ಬರೋ ಲಕ್ಷ್ಮಿ ಹಾಡು ನಮ್ಮಲ್ಲಿ ಯಾರ ವಹಿಯೊಳಗೂ ಇಲ್ಲ, ಯಾರಿಗೂ ಪೂರ್ತಿ ಬರಂಗಿಲ್ಲ. ದನಿ ಮಗ್ಗಲಕ ಕೂತವರಿಗೆ ಮಾತ್ರ ಕೇಳೋವಷ್ಟ. ಲೈವ್ ಮಾಡಿದ್ದನ್ನ ಉಳಿಸಿಟ್ಟುಕೊಂಡ್ರ ಮೊಮ್ಮಕ್ಕಳು ತಿರುಗಿ ಕೇಳಿ ಬರಕೋತಾರ. ಅದಕ್ಕ ನಾಡದು ಶುಕ್ರವಾರ ಮೈಕ್ ಅತ್ತಿಯವರ ಸೆರಗಿಗೆ. ನಾವು ಜೋರು ದನಿಯವರು ದೂರ ಕೂತು ಸೊಲ್ಲಷ್ಟ ಹಿಡಿಯೋಣು, ಹಾರ್ಮೋನಿಯಂ ಬಾರಿಸೋ ಅಕ್ಕಾರು ಬಾಗಲ ಕಡೆ ಸರದು ಕೂಡ್ರಿ.